ವೆಬ್‌ಸೈಟ್: ಮೊದಲು ಗಲ್ಲಾದ ಕಂಪ್ಯೂಟರಿನಲ್ಲಿ, ಆಮೇಲೆ ಊರಿಗೆ



ನಮ್ಮ ಕೇಟರಿಂಗ್ ವೆಬ್‌ಸೈಟ್ ಒಮ್ಮೆ ಮದುವೆ ಸೀಸನ್ನಿನಲ್ಲೇ ನಿಂತುಹೋಯಿತು. ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿದ್ದ. ಅವಧಿ ಮುಗಿದದ್ದು ನಮಗೆ ತಿಳಿಯಲೇ ಇಲ್ಲ. ಮೂರು ಆರ್ಡರ್ ಕೈತಪ್ಪಿದವು. ಹತ್ತನೇ ಕ್ಲಾಸಿನ ನಾವೇ ಕಲಿಯಲು ಕುಳಿತೆವು.

ಸರ್ವರ್ ಎಂದರೆ ನಮ್ಮ ಸಪ್ಲೈಯರ್ ಇದ್ದ ಹಾಗೆ, ಗಿರಾಕಿ ಕೇಳಿದ ಪುಟ ತಂದಿಡುತ್ತದೆ. ಎಕ್ಸ್-ಎ-ಎಂ-ಪಿ-ಪಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಅಪಾಚೆ ಸರ್ವರ್ ಜೊತೆಗೇ ಬರುತ್ತದೆ. ಅದರ ಎದುರಿನ ಸ್ಟಾರ್ಟ್ ಒತ್ತಿ, ಪುಟಗಳನ್ನು ಎಚ್‌ಟಿಡಾಕ್ಸ್ ಫೋಲ್ಡರಿನಲ್ಲಿಟ್ಟು, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಇಂಟರ್ನೆಟ್ ಬೇಡ, ಮೆನು, ರೇಟು ಎಷ್ಟು ಸಲ ತಿದ್ದಿದರೂ ಹೊರಗಿನವರಿಗೆ ಕಾಣದು. ಅಪಾಚೆ ಸ್ಟಾರ್ಟ್ ಆಗದಿದ್ದರೆ 80ನೇ ಪೋರ್ಟನ್ನು ಬೇರೆ ಪ್ರೋಗ್ರಾಂ ಹಿಡಿದಿರಬಹುದು, ಒಂದೇ ಟೇಬಲ್ಲಿಗೆ ಇಬ್ಬರು ಬಂದಂತೆ. ಕಾನ್ಫಿಗ್ ಫೈಲಿನಲ್ಲಿ ಲಿಸನ್ 80 ಇರುವಲ್ಲಿ 8080 ಮಾಡಿ, ವಿಳಾಸದ ಕೊನೆಗೂ :8080 ಸೇರಿಸಿ.

ಊರಿಗೆಲ್ಲ ಕಾಣಿಸಲು ಮಾತ್ರ ಗಲ್ಲಾದ ಕಂಪ್ಯೂಟರ್ ಬೇಡ. ಕರೆಂಟ್ ಹೋದರೆ ಸೈಟೂ ಹೋಯಿತು, ಲೆಕ್ಕಪತ್ರಕ್ಕೂ ಅಪಾಯ. ಹೋಸ್ಟಿಂಗ್ ಬಾಡಿಗೆಗೆ ಪಡೆದು ಪುಟಗಳನ್ನು ಅಲ್ಲಿಗೆ ಏರಿಸಿ. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಈಮೇಲಿನಲ್ಲಿ ಇರಲಿ.

ನಮ್ಮ ಗಲ್ಲಾದ ಕ್ಯಾಲೆಂಡರಿನಲ್ಲಿ ಈಗ ಫುಡ್ ಲೈಸೆನ್ಸ್ ತಾರೀಕಿನ ಪಕ್ಕದಲ್ಲೇ ಡೊಮೇನ್ ತಾರೀಕೂ ಇದೆ.