ಭಾವ ನಿಧಾನ, ಹಿಂದಿನವರು ಗರಂ

ಪ್ರಶ್ನೆ: ನಮ್ಮೂರು ಗುಬ್ಬಿ ತಾಲ್ಲೂಕಿನ ಕಡಬ, ಕೆಲಸ ಬೆಂಗಳೂರಿನಲ್ಲಿ. ಭಾನುವಾರ ಭಾವನ ಜೊತೆ ಗಾಲ್ಫ್ ಆಡುತ್ತೇನೆ. ಅವರು ಪ್ರತಿ ಹೊಡೆತಕ್ಕೂ ನಾಲ್ಕು ಸಲ ಬೀಸಿ ನೋಡುತ್ತಾರೆ. ಹಿಂದಿನ ತಂಡದವರು ಗೊಣಗುತ್ತಾರೆ. ಹಿರಿಯರಿಗೆ ಹೇಗೆ ಹೇಳಲಿ?

ಉತ್ತರ: ‘ನೀವು ನಿಧಾನ’ ಎಂದು ಎಲ್ಲರೆದುರು ಹೇಳಬೇಡಿ, ಮನಸ್ತಾಪವಾದೀತು. ಹೋಗುವಾಗ ಕಾರಿನಲ್ಲೇ ನಿಯಮದ ಮಾತು ತೆಗೆಯಿರಿ. 2019ರಲ್ಲಿ ನಿಯಮ ಬದಲಾದಾಗ ಚೆಂಡು ಹುಡುಕುವ ಅವಧಿ 5 ನಿಮಿಷದಿಂದ 3ಕ್ಕೆ ಇಳಿಯಿತು. ತಮ್ಮ ಸರದಿ ಬಂದು, ಅಡ್ಡಿಯಿಲ್ಲದಿದ್ದರೆ 40 ಸೆಕೆಂಡಿನೊಳಗೆ ಹೊಡೆಯಿರಿ ಎಂಬ ಶಿಫಾರಸೂ ಇದೆ. ಸ್ಟ್ರೋಕ್ ಪ್ಲೇಯಲ್ಲಿ ಅಪಾಯವಿಲ್ಲದಿದ್ದರೆ ತಯಾರಿದ್ದವರೇ ಮೊದಲು ಹೊಡೆಯಬಹುದು, ದೂರದವರಿಗೆ ಕಾಯಬೇಕಿಲ್ಲ.

ಉಳಿದದ್ದು ನಿಮ್ಮ ಕೈಯಲ್ಲಿದೆ. ಭಾವ ಹೊಡೆಯುವಷ್ಟರಲ್ಲಿ ನಿಮ್ಮ ಕ್ಲಬ್ ಆರಿಸಿಕೊಂಡಿರಿ. ಚೆಂಡು ಪೊದೆಗೆ ಬಿದ್ದ ಅನುಮಾನವಿದ್ದರೆ ಮುಂದೆ ಹೋಗುವ ಮೊದಲೇ ‘ಪ್ರಾವಿಷನಲ್’ ಎಂದು ಹೇಳಿ ಇನ್ನೊಂದು ಹೊಡೆಯಿರಿ. ಬ್ಯಾಗನ್ನು ಗ್ರೀನಿನ ಆಚೆ, ಮುಂದಿನ ಟೀಗೆ ಹೋಗುವ ಬದಿಯಲ್ಲಿಡಿ. ಸ್ಕೋರನ್ನು ಗ್ರೀನಿನ ಮೇಲೆ ನಿಂತು ಬರೆಯಬೇಡಿ, ಮುಂದಿನ ಟೀ ಬಳಿ ಬರೆಯಿರಿ.

ಮುಂದೆ ಒಂದು ಹೋಲ್ ಪೂರ್ತಿ ಖಾಲಿಯಿದ್ದು ಹಿಂದಿನವರು ಕಾಯುತ್ತಿದ್ದರೆ ಪಕ್ಕಕ್ಕೆ ಸರಿದು ಕೈಸನ್ನೆ ಮಾಡಿ, ದಾರಿ ಬಿಡಿ. ಅದರಲ್ಲಿ ಅವಮಾನವೇನಿಲ್ಲ. ಆದರೆ ನಿಮ್ಮ ಮುಂದಿನ ತಂಡವೇ ನಿಂತಿದ್ದರೆ ತಪ್ಪು ನಿಮ್ಮದಲ್ಲ. ಆಗಲೂ ಹಿಂದಿನವರು ನಿಮ್ಮತ್ತ ಚೆಂಡು ಹೊಡೆದರೆ ಜಗಳಕ್ಕೆ ಇಳಿಯದೆ ಮಾರ್ಷಲ್‌ಗೆ ತಿಳಿಸಿ. ನಿಧಾನ ಸಹಿಸಬಹುದು, ತಲೆಗೆ ಗುರಿಯಿಟ್ಟಂತೆ ಬರುವ ಚೆಂಡನ್ನು ಸಹಿಸಬೇಕಿಲ್ಲ.