ಉಬುಂಟುವಿಗೆ ಹೊರಗಿನ ರೆಪೊ: ಸೇರಿಸಿ, ಆದರೆ ಹದ್ದುಬಸ್ತಿನಲ್ಲಿಡಿ

ಉಬುಂಟು 22.04 ಅಥವಾ ಅದರ ನಂತರದ ಆವೃತ್ತಿಯಲ್ಲಿ ಟರ್ಮಿನಲ್ ತೆರೆದು ‘ಸುಡೋ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಎಂದು ಕೊಟ್ಟರೆ ಬ್ರೌಸರ್ ಬರುತ್ತದೆ, ಆದರೆ ಡೆಬ್ ಪ್ಯಾಕೇಜ್ ಆಗಿ ಅಲ್ಲ. ಆ ಹೆಸರಿನ ಪ್ಯಾಕೇಜ್ ಬರೀ ನೆಪ. ಅದು ಮಾಡುವುದೆಲ್ಲ ಸ್ನ್ಯಾಪ್ ಆವೃತ್ತಿಯನ್ನು ಕರೆತರುವ ಕೆಲಸ. ಸ್ನ್ಯಾಪ್ ಬೇಡ, ಹಳೆಯ ಡೆಬ್ಬೇ ಇರಲಿ ಎನ್ನುವವರಿಗಾಗಿ ಮೊಜಿಲ್ಲಾ ತನ್ನದೇ ಆಪ್ಟ್ ರೆಪೊಸಿಟರಿ (ಪ್ಯಾಕೇಜ್ ಭಂಡಾರ, ಚಿಕ್ಕದಾಗಿ ರೆಪೊ) ತೆರೆದಿದೆ. 2023ರ ಕೊನೆಯಲ್ಲಿ ಪರೀಕ್ಷಾರ್ಥ ನೈಟ್ಲಿ ಆವೃತ್ತಿಯೊಂದಿಗೆ ಶುರುವಾಗಿ, 2024ರ ಜನವರಿಯಿಂದ ಎಲ್ಲರೂ ಬಳಸುವ ಸ್ಥಿರ ಆವೃತ್ತಿಯೂ ಅಲ್ಲಿ ಸಿಗುತ್ತಿದೆ. ಹೊರಗಿನ ರೆಪೊ ಸೇರಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ, ಏಕೆಂದರೆ ಈ ಕೆಲಸದಲ್ಲಿ ಬರಬಹುದಾದ ತೊಡಕುಗಳೆಲ್ಲ ಇಲ್ಲೇ ಎದುರಾಗುತ್ತವೆ.

ಮೊದಲೇ ಒಂದು ಮಾತು. ಇಲ್ಲಿ ಕನ್ನಡ ಲಿಪಿಯಲ್ಲಿರುವ ಕಮಾಂಡ್‌ಗಳನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಉದ್ದದ ಸಾಲುಗಳನ್ನು ಮೊಜಿಲ್ಲಾದ ಅಧಿಕೃತ ಸಹಾಯ ಪುಟದಿಂದ ನಕಲಿಸಿಕೊಳ್ಳಿ. ಆ ಸಾಲುಗಳು ಏನು ಮಾಡುತ್ತವೆ ಎಂಬುದನ್ನು ಇಲ್ಲಿ ಓದಿ.

ಯಾರನ್ನು ನಂಬುತ್ತಿದ್ದೀರಿ?

ಉಬುಂಟುವಿನ ಸ್ವಂತ ರೆಪೊದಲ್ಲಿ ಮೇನ್, ರಿಸ್ಟ್ರಿಕ್ಟೆಡ್, ಯೂನಿವರ್ಸ್, ಮಲ್ಟಿವರ್ಸ್ ಎಂಬ ನಾಲ್ಕು ವಿಭಾಗಗಳಿವೆ. ಹೆಚ್ಚಿನವರಿಗೆ ಅಷ್ಟೇ ಸಾಕು. ಹೊರಗಿನದನ್ನು ಸೇರಿಸುವ ಮುನ್ನ ಯೋಚಿಸಬೇಕಾದ ಕಾರಣವಿದೆ: ಡೆಬ್ ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ಅದರೊಳಗಿನ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲಿ ಓಡುತ್ತವೆ. ಇವತ್ತು ನೀವು ಕೇಳಿ ಪಡೆದ ಪ್ಯಾಕೇಜ್ ಮಾತ್ರವಲ್ಲ, ಮುಂದಿನ ಪ್ರತಿ ಅಪ್‌ಡೇಟ್‌ನಲ್ಲಿ ಆ ರೆಪೊದವರು ಕಳಿಸುವುದೆಲ್ಲ ಹಾಗೆಯೇ ಓಡುತ್ತದೆ. ಬ್ರೌಸರ್‌ಗೆಂದು ಸೇರಿಸಿದ ರೆಪೊದಲ್ಲಿ ಸಿಸ್ಟಂನ ಮೂಲ ಲೈಬ್ರರಿಯೊಂದು ಹೆಚ್ಚಿನ ಆವೃತ್ತಿ ಸಂಖ್ಯೆ ಹೊತ್ತು ಕೂತಿದ್ದರೆ, ಆಪ್ಟ್ ಅದನ್ನೂ ತಂದು ಹಾಕುತ್ತದೆ. ಲಾಂಚ್‌ಪ್ಯಾಡ್‌ನ ಪಿಪಿಎಗಳಿಗೂ, ಅಂದರೆ ಬಳಕೆದಾರರು ಅಲ್ಲಿ ತೆರೆಯುವ ಸ್ವಂತ ರೆಪೊಗಳಿಗೂ, ಇದೇ ಮಾತು. ಪಿಪಿಎ ಯಾರು ಬೇಕಾದರೂ ತೆರೆಯಬಹುದು. ಲಾಂಚ್‌ಪ್ಯಾಡ್ ಉಬುಂಟುವಿನ ಕಂಪನಿಯದೇ ಎಂಬುದು ಅದರೊಳಗಿನ ಸರಕಿಗೆ ಗ್ಯಾರಂಟಿ ಅಲ್ಲ.

ಈಗ ನಿಮ್ಮ ಕಂಪ್ಯೂಟರ್‌ನಲ್ಲಿ ಏನೇನಿದೆ ನೋಡಿ. ಮುಂದೆ ಯಾವ ಹೆಸರನ್ನೂ ಸೇರಿಸದೆ ‘ಆಪ್ಟ್ ಪಾಲಿಸಿ’ ಎಂದಷ್ಟೇ ಕೊಟ್ಟರೆ ಎಲ್ಲ ರೆಪೊಗಳೂ ಅವುಗಳ ಆದ್ಯತೆಯ ಅಂಕಿಯೊಂದಿಗೆ ತೆರೆದುಕೊಳ್ಳುತ್ತವೆ. ಹಳೆಯ ಯಂತ್ರಗಳಲ್ಲಿ ಯಾವ ಕಾಲದ್ದೋ ಪಿಪಿಎಗಳು ಸಿಗುವುದು ಮಾಮೂಲು.

ಕೀ, ಫೈಲ್, ಪಿನ್

ಮೊದಲ ಕೆಲಸ ಸಹಿಯ ಕೀ ತರುವುದು. ರೆಪೊದ ರಿಲೀಸ್ ಫೈಲಿಗೆ ಅದನ್ನು ನಡೆಸುವವರು ಡಿಜಿಟಲ್ ಸಹಿ ಹಾಕಿರುತ್ತಾರೆ. ಆ ಫೈಲಿನಲ್ಲಿ ಪ್ಯಾಕೇಜ್ ಪಟ್ಟಿಯ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತುಸಂಖ್ಯೆ), ಪಟ್ಟಿಯಲ್ಲಿ ಒಂದೊಂದು ಪ್ಯಾಕೇಜಿನ ಹ್ಯಾಶ್ ಇರುತ್ತದೆ. ಹಾಗಾಗಿ ಕೀ ಅಸಲಿಯಾದರೆ ನಡುವೆ ಯಾರೂ ಕಲಬೆರಕೆ ಮಾಡಲಾಗದು; ಕೀಯೇ ನಕಲಿಯಾದರೆ ಉಳಿದ ಭದ್ರತೆಗೆ ಅರ್ಥವಿಲ್ಲ.

ಹಳೆಯ ಸಲಹೆಗಳಲ್ಲಿ ‘ಆಪ್ಟ್-ಕೀ ಆ್ಯಡ್’ ಎಂಬ ಕಮಾಂಡ್ ಕಂಡರೆ ಅಲ್ಲಿಗೇ ಬಿಡಿ. ಆ ದಾರಿಯಲ್ಲಿ ಬಂದ ಕೀ ಒಂದು ರೆಪೊಗೆ ಸೀಮಿತವಾಗದೆ, ನಿಮ್ಮಲ್ಲಿರುವ ಯಾವ ರೆಪೊಗಾದರೂ ಸಹಿ ಮಾಡುವ ಹಕ್ಕು ಪಡೆಯುತ್ತಿತ್ತು. ಅದಕ್ಕೇ ಅದನ್ನು ಕೈಬಿಡಲಾಗಿದೆ. ಈಗ ಇಟಿಸಿಯೊಳಗಿನ ಆಪ್ಟ್ ಫೋಲ್ಡರಿನಲ್ಲಿರುವ ಕೀರಿಂಗ್ಸ್ ಫೋಲ್ಡರ್‌ಗೆ ಕೀ ಫೈಲನ್ನು ಇಳಿಸಿ. ‘ಜಿಪಿಜಿ’ಗೆ ‘ಶೋ-ಕೀಸ್’ ಆಯ್ಕೆ ಕೊಟ್ಟು ಕೀಯ ಬೆರಳಚ್ಚು (ಫಿಂಗರ್‌ಪ್ರಿಂಟ್) ತೆಗೆಸಿ, ಅದರ 40 ಅಕ್ಷರಗಳನ್ನೂ ಮೊಜಿಲ್ಲಾ ಪುಟದಲ್ಲಿರುವುದರ ಜತೆ ತಾಳೆ ನೋಡಿ. ಈ ಹಂತವನ್ನು ಜನ ಹಾರಿಸಿಬಿಡುತ್ತಾರೆ, ನೀವು ಹಾರಿಸಬೇಡಿ. ಕೀ ಪಠ್ಯರೂಪದಲ್ಲಿದ್ದರೆ ಫೈಲ್ ಹೆಸರಿನ ಕೊನೆ ‘ಎಎಸ್‌ಸಿ’, ಬೈನರಿಯಾದರೆ ‘ಜಿಪಿಜಿ’ ಎಂದಿರಬೇಕು. ಫೈಲನ್ನು ಎಲ್ಲ ಬಳಕೆದಾರರೂ ಓದುವಂತಿರಬೇಕು, ಅಂದರೆ ಅನುಮತಿ 644. ಇವೆರಡರಲ್ಲಿ ಒಂದು ತಪ್ಪಿದರೂ ಕೀ ಕಣ್ಣೆದುರಿಗಿದ್ದೂ ಆಪ್ಟ್ ‘ಇಲ್ಲ’ ಎನ್ನುತ್ತದೆ.

ಎರಡನೆಯದು ರೆಪೊ ಫೈಲ್. ಆಪ್ಟ್ ಫೋಲ್ಡರಿನಲ್ಲೇ ‘ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ’ ಎಂಬ ಒಳಫೋಲ್ಡರ್ ಇದೆ. ಅಲ್ಲಿ ‘ಮೊಜಿಲ್ಲಾ ಡಾಟ್ ಸೋರ್ಸಸ್’ ಎಂಬ ಹೊಸ ಫೈಲ್ ಮಾಡಿ. ಒಳಗೆ ಐದೇ ಸಾಲು: ಟೈಪ್ಸ್ ಎದುರು ಡೆಬ್, ಯುಆರ್‌ಐಸ್ ಎದುರು ರೆಪೊ ವಿಳಾಸ, ಸೂಟ್ಸ್ ಎದುರು ಮೊಜಿಲ್ಲಾ, ಕಾಂಪೊನೆಂಟ್ಸ್ ಎದುರು ಮೇನ್, ಸೈನ್ಡ್-ಬೈ ಎದುರು ಕೀ ಫೈಲಿನ ಪೂರ್ಣ ಹಾದಿ. ಕೀಯನ್ನು ಈ ಒಂದು ರೆಪೊಗೆ ಕಟ್ಟಿಹಾಕುವುದು ಈ ಕೊನೆಯ ಸಾಲೇ. ಉಬುಂಟು 24.04 ತನ್ನ ಸ್ವಂತ ರೆಪೊಗಳನ್ನೂ ಇದೇ ಧಾಟಿಯಲ್ಲಿ ಬರೆದುಕೊಂಡಿದೆ.

ಮೂರನೆಯದು ಪಿನ್. ಇಷ್ಟಕ್ಕೇ ನಿಲ್ಲಿಸಿ ಇನ್‌ಸ್ಟಾಲ್ ಮಾಡಿದರೆ ಮತ್ತೆ ಸ್ನ್ಯಾಪೇ ಬರುತ್ತದೆ! ಉಬುಂಟುವಿನ ನೆಪದ ಪ್ಯಾಕೇಜ್‌ಗೆ ಆವೃತ್ತಿ ಸಂಖ್ಯೆಯ ಆರಂಭದಲ್ಲಿ ‘1:’ ಎಂಬ ಯುಗಸೂಚಕ ಅಂಕಿ ಇದೆ. ಅದಿದ್ದರೆ ಮುಂದಿನ ಸಂಖ್ಯೆ ಎಷ್ಟೇ ಚಿಕ್ಕದಾದರೂ ಆಪ್ಟ್ ಲೆಕ್ಕದಲ್ಲಿ ಅದೇ ದೊಡ್ಡದು. ಮೊಜಿಲ್ಲಾದ 122 ಕೂಡ ಅದರೆದುರು ಸೋಲುತ್ತದೆ. ಆದ್ದರಿಂದ ‘ಪ್ರಿಫರೆನ್ಸಸ್ ಡಾಟ್ ಡಿ’ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ, ಮೊಜಿಲ್ಲಾ ಸರ್ವರಿನಿಂದ ಬರುವುದಕ್ಕೆ 1000 ಆದ್ಯತೆ ಕೊಡಬೇಕು. ಸಾಮಾನ್ಯ ರೆಪೊಗಳ ಆದ್ಯತೆ 500. ಆದ್ಯತೆ 1000 ಮುಟ್ಟಿದರೆ ಮಾತ್ರ ಆಪ್ಟ್ ಕೆಳಗಿನ ಆವೃತ್ತಿಗೂ ಇಳಿಯಲು ಒಪ್ಪುತ್ತದೆ. ಮೊಜಿಲ್ಲಾ ಕೊಡುವ ಸಾಲು ಆ ರೆಪೊದ ಎಲ್ಲ ಪ್ಯಾಕೇಜ್‌ಗಳಿಗೂ ಅನ್ವಯಿಸುವಂತಿದೆ. ಅದರಲ್ಲಿ ಪ್ಯಾಕೇಜ್ ಎದುರಿರುವ ನಕ್ಷತ್ರ ಚಿಹ್ನೆಯ ಜಾಗದಲ್ಲಿ ‘ಫೈರ್‌ಫಾಕ್ಸ್*’ ಎಂದು ಬಿಗಿಗೊಳಿಸುವುದು ನನ್ನ ಸಲಹೆ.

ಈಗ ‘ಸುಡೋ ಆಪ್ಟ್ ಅಪ್‌ಡೇಟ್’, ಬಳಿಕ ‘ಆಪ್ಟ್ ಪಾಲಿಸಿ ಫೈರ್‌ಫಾಕ್ಸ್’. ಕ್ಯಾಂಡಿಡೇಟ್ ಎಂಬ ಸಾಲಿನಲ್ಲಿ ಮೊಜಿಲ್ಲಾದ ಆವೃತ್ತಿ ಕಂಡರೆ ಇನ್‌ಸ್ಟಾಲ್ ಮಾಡಿ. ಆವೃತ್ತಿ ಕೆಳಗಿಳಿಯುತ್ತಿದೆ ಎಂದು ಎಚ್ಚರಿಸಿದರೆ ಗಾಬರಿ ಬೇಡ, ಕಾರಣ ಈಗಾಗಲೇ ಗೊತ್ತಿದೆಯಲ್ಲ. ಭಾಷಾ ಪ್ಯಾಕ್ ಬೇರೆಯಾಗಿ ಬರುತ್ತದೆ. ಕನ್ನಡದ್ದು ‘ಕೆಎನ್’ ಎಂದು ಕೊನೆಗೊಳ್ಳುವ ಫೈರ್‌ಫಾಕ್ಸ್ ಪ್ಯಾಕೇಜ್. ಹಳೆಯ ಸ್ನ್ಯಾಪ್ ತೆಗೆಯುವ ಮುನ್ನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನು ಉಳಿಸಿಕೊಳ್ಳಿ. ಅವು ಸ್ನ್ಯಾಪ್ ಫೋಲ್ಡರಿನೊಳಗೇ ಇರುತ್ತವೆ. ಇನ್ನೊಂದು ಸಂಗತಿ: ಉಬುಂಟುವಿನ ತಾನಾಗಿ ನಡೆಯುವ ಭದ್ರತಾ ಅಪ್‌ಡೇಟ್ ಹೊರಗಿನ ರೆಪೊಗಳನ್ನು ಮುಟ್ಟುವುದಿಲ್ಲ. ಆಗಾಗ ‘ಸುಡೋ ಆಪ್ಟ್ ಅಪ್‌ಗ್ರೇಡ್’ ಕೊಡುವುದು ನಿಮ್ಮ ಹೊಣೆ.

ಕೈಕೊಟ್ಟಾಗ

‘ನೋ ಪಬ್‌ಕೀ’ ಎಂದರೆ ಕೀ ಇಲ್ಲ ಅಥವಾ ಹಾದಿ ತಪ್ಪಿದೆ. ಕೀ ಅವಧಿ ಮುಗಿದಿದೆ ಎಂದರೆ ಹೊಸದನ್ನು ಮೂಲದಿಂದಲೇ ತನ್ನಿ. ರಿಲೀಸ್ ಫೈಲ್ ಇಲ್ಲ ಎಂಬ ದೂರು ಬಂದರೆ ಸಾಮಾನ್ಯವಾಗಿ ಸೂಟ್ ಹೆಸರು ತಪ್ಪಿರುತ್ತದೆ. ಲಿನಕ್ಸ್ ಮಿಂಟ್ ಬಳಸುವವರು ಇಲ್ಲಿ ಎಡವುವುದು ಹೆಚ್ಚು: ಮಿಂಟ್ 22ರ ಹೆಸರು ವಿಲ್ಮಾ, ಆದರೆ ಅದರ ಬುನಾದಿ ಉಬುಂಟು 24.04, ಅಂದರೆ ನೋಬಲ್. ಉಬುಂಟುವಿಗೆಂದು ಇರುವ ರೆಪೊಗಳಲ್ಲಿ ವಿಲ್ಮಾ ಎಂದು ಬರೆದರೆ ನಡೆಯದು, ನೋಬಲ್ ಎನ್ನಬೇಕು. ಯಾವ ದೋಷ ಬಂದರೂ ‘ಟ್ರಸ್ಟೆಡ್ ಯೆಸ್’ ಎಂದು ಬರೆದು ಸಹಿಯ ಪರೀಕ್ಷೆಯನ್ನೇ ತೆಗೆದುಹಾಕುವ ಸಲಹೆಗೆ ಕಿವಿಗೊಡಬೇಡಿ.

ತೆಗೆಯುವುದು

ರೆಪೊ ಬೇಡವಾದರೆ ಸೋರ್ಸಸ್ ಫೈಲ್, ಕೀ, ಪಿನ್ ಮೂರನ್ನೂ ಅಳಿಸಿ ಆಪ್ಟ್ ಅಪ್‌ಡೇಟ್ ಕೊಡಿ. ತಾತ್ಕಾಲಿಕವಾಗಿ ನಿಲ್ಲಿಸಲು ಫೈಲಿನಲ್ಲಿ ‘ಎನೇಬಲ್ಡ್: ನೋ’ ಎಂಬ ಸಾಲು ಸಾಕು. ಆದರೆ ರೆಪೊ ಹೋದರೂ ಅಲ್ಲಿಂದ ಬಂದ ಪ್ಯಾಕೇಜ್ ಹೋಗುವುದಿಲ್ಲ. ಅದು ಅಪ್‌ಡೇಟ್ ಕಾಣದೆ ಅಲ್ಲೇ ಉಳಿಯುತ್ತದೆ. ಬ್ರೌಸರ್ ವಿಷಯದಲ್ಲಿ ಇದು ಅಪಾಯ. ಪಿಪಿಎಗಳಿಗೆ ‘ಪಿಪಿಎ-ಪರ್ಜ್’ ಎಂಬ ಸಾಧನವಿದೆ, ಅದು ಪ್ಯಾಕೇಜ್‌ಗಳನ್ನು ಉಬುಂಟುವಿನ ಆವೃತ್ತಿಗೆ ಮರಳಿಸುತ್ತದೆ. ಉಳಿದವನ್ನು ನೀವೇ ಅಳಿಸಬೇಕು.

ಫೆಡೊರಾದಲ್ಲಿ ಇದೇ ಕೆಲಸಕ್ಕೆ ‘ಯಮ್ ಡಾಟ್ ರೆಪೊಸ್ ಡಾಟ್ ಡಿ’ ಫೋಲ್ಡರ್, ಪಿಪಿಎ ಬದಲು ಕೋಪರ್. ತತ್ವ ಬೇರೆಯಲ್ಲ.

ಉಬುಂಟುವಿನ ಹೊಸ ಆವೃತ್ತಿಗೆ ಏರುವಾಗ ಅದು ಹೊರಗಿನ ರೆಪೊಗಳನ್ನೆಲ್ಲ ತಾನೇ ನಿಲ್ಲಿಸುತ್ತದೆ. ಆಮೇಲೆ ಒಂದೊಂದನ್ನೇ ನೋಡಿ ಬೇಕಾದ್ದನ್ನಷ್ಟೇ ಮತ್ತೆ ತೆರೆಯಿರಿ. ಇದಕ್ಕೆ ಅನುಕೂಲವಾಗಲೆಂದು, ಸೋರ್ಸಸ್ ಫೈಲಿನ ತುದಿಯಲ್ಲಿ ಹೊಸ ಸಾಲೊಂದು ಸೇರಿಸಿ, ಅದರ ಮೊದಲಿಗೆ # ಚಿಹ್ನೆ ಹಾಕಿ, ಈ ರೆಪೊ ಯಾಕೆ ಸೇರಿಸಿದಿರಿ ಎಂದು ಇವತ್ತೇ ಬರೆದಿಡಿ.