ಚಿಗರಿಯ ಬಯಲು

2018ರಲ್ಲಿ ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡತೊಡಗಿದ ತ್ವರಿತ ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟರು. ಚಿಗರಿಯೆಂದರೆ ಕೃಷ್ಣಮೃಗ. ದೂರದಿಂದಲೇ ವೈರಿಯನ್ನು ಕಂಡು ಓಡಿ ಪಾರಾಗುವ ಈ ಜೀವಿಗೆ ದಟ್ಟವಾದ ಕಾಡಿಗಿಂತ ತೆರೆದ ಹುಲ್ಲುಗಾವಲೇ ಆಸರೆ.

ಬೇಟೆಯಿಂದ ಅದರ ಸಂತತಿ ಕ್ಷೀಣಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದರ ಬೇಟೆಯನ್ನು ನಿಷೇಧಿಸಿತು. 1974ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರ್ ಪ್ರದೇಶವು ಕೃಷ್ಣಮೃಗ ಅಭಯಾರಣ್ಯವಾಯಿತು. ಆದರೆ ಅಲ್ಲಿಯ ಬಯಲಿನಲ್ಲಿ ನೀಲಗಿರಿ ತೋಪುಗಳನ್ನು ಬೆಳೆಸಿದ್ದರಿಂದ ಹುಲ್ಲುಗಾವಲು ಕುಗ್ಗಿತು. ಚಿಗರಿಗಳು ಸುತ್ತಲಿನ ಹೊಲಗಳಲ್ಲಿಯೂ ಮೇಯುತ್ತವೆ. ಮೊಳೆತ ಪೈರನ್ನು ಕಳೆದುಕೊಂಡ ರೈತನ ಸಂಕಟವೂ ಅಲ್ಪವಲ್ಲ.

ಅರಣ್ಯದ ಕಾವಲುಗಾರನು ಬೇಟೆಗಾರನನ್ನು ತಡೆಯಬಲ್ಲನು. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆಯದೆ ಕಾಯುವುದು, ನಷ್ಟ ಹೊಂದಿದ ರೈತನಿಗೆ ನೆರವಾಗುವುದು ನಾಡಿನವರೆಲ್ಲರ ಕರ್ತವ್ಯವಾಗಿದೆ.